ಕಷಾಯ ಕುಡಿದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಮೇಲೆ ಏನಾದ್ರೂ ಚೆಲ್ಲಿದಾಗ ಜನ ಫೋನ್ ಮಾಡಿ ಕೇಳೋ ಮೊದಲನೇ ಪ್ರಶ್ನೆ ಯಾವಾಗ್ಲೂ ಒಂದೇ, "ಒರೆಸಿದೀನಿ, ಒಂದ್ಸಲ ಆನ್ ಮಾಡಿ ನೋಡ್ಲಾ?" ಬೇಡ. ದಯವಿಟ್ಟು ಬೇಡ. ನೆಂಟರ ಮಧ್ಯೆ, ಆಫೀಸಲ್ಲಿ, ಅಪಾರ್ಟ್‌ಮೆಂಟಲ್ಲಿ ಎಲ್ಲಾ ಕಡೆ "ಇವ್ನಿಗೆ ಕಂಪ್ಯೂಟರ್ ಗೊತ್ತು" ಅಂತ ಹೆಸರು ಬಿದ್ದುಬಿಟ್ಟಿರೋದ್ರಿಂದ ಇಂಥ ಫೋನು ನಂಗೆ ಬರ್ತಾನೇ ಇರತ್ತೆ, ಎಷ್ಟೋ ಸಲ ರಾತ್ರಿ ಹನ್ನೊಂದರ ಮೇಲೆ, ಯಾಕಂದ್ರೆ ನಾಳೆ ಬೆಳಗ್ಗೆ ಏನೋ ಸಬ್ಮಿಟ್ ಮಾಡ್ಬೇಕಿರೋ ಹೊತ್ತಲ್ಲೇ ತಾನೆ ಮನುಷ್ಯರು ಪಕ್ಕದಲ್ಲಿ ಕಾಫಿ ಇಟ್ಕೊಂಡು ಕೂರೋದು. ನಾನು ನೋಡಿರೋ ಮಟ್ಟಿಗೆ ಚೆಲ್ಲಿದ ಕಾಫಿಗಿಂತ ಚೆಲ್ಲಿದ್ಮೇಲೆ ಒತ್ತಿದ ಪವರ್ ಬಟನ್ನೇ ಜಾಸ್ತಿ ಲ್ಯಾಪ್‌ಟಾಪ್ ಕೊಂದಿದೆ.

ನೀರಿನ ಮೇಲೆ ನಮ್ಗೆ ಸುಮ್ನೆ ಭಯ. ಫ್ಯಾಕ್ಟರಿಲಿ ಎಷ್ಟೋ ಸರ್ಕ್ಯೂಟ್ ಬೋರ್ಡುಗಳನ್ನ, ಅಂದ್ರೆ ಚಿಪ್ಪುಗಳು ಕೂರೋ ಹಲಗೆಗಳನ್ನ, ಬೆಸುಗೆ ಹಾಕಿ ಆದ್ಮೇಲೆ ಬೆಸುಗೆಗೆ ಹಚ್ಚಿದ ಫ್ಲಕ್ಸ್ ಅನ್ನೋ ಅಂಟು ಹೋಗ್ಲಿ ಅಂತ ನೀರಲ್ಲೇ ತೊಳೀತಾರೆ, ಖನಿಜ ಎಲ್ಲಾ ತೆಗೆದಿರೋ ನೀರಲ್ಲಿ. ತೊಳೆದು ಒಣಗಿಸಿ ಮುಂದಕ್ಕೆ ಕಳಿಸ್ತಾರೆ, ಏನೂ ಆಗಲ್ಲ, ಯಾಕಂದ್ರೆ ಆ ಹೊತ್ತಲ್ಲಿ ಬೋರ್ಡಲ್ಲಿ ಕರೆಂಟ್ ಇರಲ್ಲ. ನಮ್ಮ ಮನೇಲಿ ಚೆಲ್ಲೋ ಹೊತ್ತಿಗೆ ಕರೆಂಟೂ ಇರತ್ತೆ, ನೀರಲ್ಲಿ ಇರಬಾರದ್ದೆಲ್ಲಾನೂ ಇರತ್ತೆ. ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ. ಎಳನೀರಲ್ಲಿ ಪೊಟ್ಯಾಸಿಯಂ. ಮಜ್ಜಿಗೆಲಿ ಉಪ್ಪೂ ಇದೆ ಹುಳೀನೂ ಇದೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಅದೇ. ಇಂಥ ನೀರು ಬೋರ್ಡಿನ ಮೇಲೆ ಕೂದಲೆಳೆ ಅಂತರದಲ್ಲಿರೋ ಎರಡು ತಾಮ್ರದ ಗೆರೆಗಳ ಮಧ್ಯೆ ಕೂತ್ಕೊಂಡ್ರೆ, ಒಂದ್ರಲ್ಲಿ ವೋಲ್ಟೇಜ್ ಇದ್ದು ಇನ್ನೊಂದ್ರಲ್ಲಿ ಇಲ್ದೇ ಇದ್ರೆ, ಒಂದು ಕಡೆಯ ತಾಮ್ರ ಕರಗಿ ಇನ್ನೊಂದು ಕಡೆಗೆ ಹೊರಡತ್ತೆ. ಹೈಸ್ಕೂಲ್ ಲ್ಯಾಬಲ್ಲಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಎರಡು ತಗಡು ಅದ್ದಿ ಮೇಷ್ಟ್ರು ತೋರಿಸಿದ್ದು ಇದನ್ನೇ. ಬೋರ್ಡ್ ಮೇಲೆ ಹಸಿರು ಕಿಲುಬು ಅಂತ ಕಾಣೋದೂ ಇದೇ.

ಇಲ್ಲಿ ಒಂದು ಮಾತು ಬಹಳ ಜನಕ್ಕೆ ಗೊತ್ತಿರಲ್ಲ, ಶಟ್‌ಡೌನ್ ಮಾಡಿದ್ರೆ ಕರೆಂಟ್ ಹೋಗಲ್ಲ. ಚಾರ್ಜರ್ ಕಿತ್ತು, ಶಟ್‌ಡೌನ್ ಮಾಡಿ, ಮುಚ್ಚಿಟ್ರೂ ಒಳಗೆ ಬ್ಯಾಟರಿ ಬೋರ್ಡಿಗೆ ಅಂಟ್ಕೊಂಡೇ ಇರತ್ತೆ, ನೀವು ಯಾವಾಗ ಬಟನ್ ಒತ್ತುತೀರೋ ಅಂತ ಕಾಯೋ ಒಂದು ಸಣ್ಣ ಚಿಪ್‌ಗೋಸ್ಕರ 3.3 ವೋಲ್ಟಿನ ಲೈನ್ ಎದ್ದಿರತ್ತೆ, ಕೆಲವು ಮಾಡೆಲ್‌ಗಳಲ್ಲಿ 5 ವೋಲ್ಟಿಂದೂ. ಅಂದ್ರೆ ಮೂರು ದಿನ ಒಣಗಲಿ ಅಂತ ಮುಚ್ಚಿಟ್ಟ ಲ್ಯಾಪ್‌ಟಾಪ್ ಒಳಗೆ ಮೂರು ದಿನಾನೂ ಆ ಲ್ಯಾಬಿನ ಪ್ರಯೋಗ ನಡೀತಾನೇ ಇರತ್ತೆ.

ಹಳೇ ಲ್ಯಾಪ್‌ಟಾಪ್ ಇಟ್ಕೊಂಡಿದ್ದೋರಿಗೆ ನೆನಪಿರತ್ತೆ, ಹಿಂದೆ ತಿರುಗಿಸಿ ಎರಡು ಲ್ಯಾಚ್ ಸರಿಸಿದ್ರೆ ಬ್ಯಾಟರಿ ಕೈಗೆ ಬಂದ್ಬಿಡೋದು. ಎರಡೇ ಸೆಕೆಂಡ್. ಎಂಟು ವರ್ಷದ ಹುಡುಗನೂ ಮಾಡಬಹುದಿತ್ತು. ತೆಳ್ಳಗಾಗ್ಬೇಕು ಅನ್ನೋ ಹುಚ್ಚಿಗೆ ಅದು ಹೋಯ್ತು, ಬ್ಯಾಟರಿ ಒಳಗೆ ಹೋಯ್ತು, 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋ ಬರೋ ಹೊತ್ತಿಗೆ ಅಂಟು ಹಾಕಿ ಕೂರಿಸೋದೂ ಶುರುವಾಯ್ತು. ನೀರು ಬಿದ್ದಾಗ ಮಾಡ್ಬೇಕಾದ ಕೆಲಸ ನಿಜ ಹೇಳ್ಬೇಕಂದ್ರೆ ಒಂದೇ, ಕರೆಂಟ್ ಕಡಿಯೋದು. ಆ ಸ್ವಿಚ್ಚನ್ನೇ ನಮ್ಮ ಕೈಯಿಂದ ಕಿತ್ಕೊಂಡಿದಾರೆ. ತೆಳ್ಳಗಿರೋದು ಚೆನ್ನಾಗೇ ಇದೆ, ನಾನೂ ಬೆನ್ನಿಗೆ ಹೊತ್ಕೊಂಡು ಬಸ್ಸಲ್ಲಿ ಓಡಾಡೋನೇ, ಆದ್ರೂ ಈ ವಿಷಯಕ್ಕೆ ನಂಗೆ ಇವತ್ತಿಗೂ ಸಿಟ್ಟು ಇದೆ.

ಈ ಸಿಟ್ಟು ಸರಿಯಾಗಿ ಬಂದಿದ್ದು ತಂಗಿ ಸಾಗರದಿಂದ ಫೋನ್ ಮಾಡಿದಾಗ. ಜುಲೈ ತಿಂಗಳು, ಆ ಕಡೆ ಮಳೆ ಅಂದ್ರೆ ಹೇಳ್ಬೇಕಾಗಿಲ್ಲ. ಅವಳು ಹೈಸ್ಕೂಲ್ ಟೀಚರ್, ಸಂಜೆ ಕೂತು ಅಂಕಪಟ್ಟಿ ಮಾಡ್ತಿದ್ಲಂತೆ, ಪಕ್ಕದಲ್ಲಿ ಕಷಾಯದ ಲೋಟ, ಮಗ ಬೆಕ್ಕಿನ ಹಿಂದೆ ಬಿದ್ದು ಮೇಜಿನ ಕೆಳಗೆ ನುಗ್ಗಿದಾನೆ, ಮೇಜು ಅಲ್ಲಾಡಿದೆ, ಅರ್ಧ ಲೋಟ ಕೀಬೋರ್ಡ್ ಮೇಲೆ. ನಮ್ಮ ಕಡೆ ಕಷಾಯ ಅಂದ್ರೆ ಕೊತ್ತಂಬರಿ ಜೀರಿಗೆ ಪುಡಿ ಅಷ್ಟೇ ಅಲ್ಲ, ಅದ್ರಲ್ಲಿ ಹಾಲು, ಬೆಲ್ಲ ಎಲ್ಲಾ ಇರತ್ತೆ. ಬಿಸೀದು ಬೇರೆ.

"ಅಣ್ಣಾ, ಒರೆಸಿದೀನಿ, ಆನಲ್ಲೇ ಇದೆ, ಏನೂ ಆಗಿಲ್ಲ ಅನ್ಸತ್ತೆ."

"ಗೋಡೆ ಸ್ವಿಚ್ ಮೊದ್ಲು ಆಫ್ ಮಾಡು. ಆಮೇಲೆ ಚಾರ್ಜರ್ ಪಿನ್ ಕೀಳು. ಪವರ್ ಬಟನ್ ಒತ್ತಿ ಹಿಡ್ಕೊ, ಸ್ಕ್ರೀನ್ ಕಪ್ಪಾದ್ರೂ ಒಂದು ಹತ್ತು ಎಣಿಸೋವರೆಗೂ ಬಿಡ್ಬೇಡ."

"ಅಂಕಪಟ್ಟಿ ಸೇವ್ ಮಾಡ್ಕೋಬೇಕಿತ್ತು..."

"ಬೇಡ."

ಇಲ್ಲಿ ಬಹಳ ಜನ ಸೇವ್ ಮಾಡ್ಕೊಳ್ಳೋಕೆ ಹೋಗ್ತಾರೆ, ಮೇಲ್ ಕಳಿಸೋಕೆ ಹೋಗ್ತಾರೆ, ಪೆನ್‌ಡ್ರೈವ್ ಹುಡುಕ್ತಾರೆ. ಅಷ್ಟರಲ್ಲಿ ನೀರು ಕೀಬೋರ್ಡ್ ದಾಟಿ ಬೋರ್ಡಿಗೆ ಇಳಿದಿರತ್ತೆ. ಅವಳು ಮಾತು ಕೇಳಿದ್ಲು, ಆಫ್ ಮಾಡಿದ್ಲು, ಮುಚ್ಚಳ ಪೂರ್ತಿ ಬಿಚ್ಚಿ ಕೀಬೋರ್ಡ್ ಕೆಳಗಾಗೋ ಹಾಗೆ ಟವೆಲ್ ಮೇಲೆ ಗುಡಾರದ ಥರ ಕವುಚಿ ನಿಲ್ಸಿದ್ಲು. ಅರ್ಧ ನಿಮಿಷಕ್ಕೆ ಗಾಬರಿಲಿ ಕೂಗ್ತಾಳೆ, ಅಣ್ಣಾ ತಾನಾಗೇ ಆನ್ ಆಯ್ತು!

ದೆವ್ವ ಏನಲ್ಲ. ಕಡಿಮೆ ಬೆಲೆಯ ಸುಮಾರು ಲ್ಯಾಪ್‌ಟಾಪ್‌ಗಳಲ್ಲಿ ಪವರ್ ಬಟನ್ ಬೇರೆ ಇರಲ್ಲ, ಕೀಬೋರ್ಡಿನ ಮೇಲಿನ ಸಾಲಲ್ಲಿ ಅದೂ ಒಂದು ಕೀ. ಕೀಬೋರ್ಡ್ ಒದ್ದೆಯಾದ್ರೆ ಆ ಕೀನ ಯಾರೋ ಒತ್ತಿದ ಹಾಗೆ ಬೋರ್ಡಿಗೆ ಅನ್ಸತ್ತೆ, ಏಳತ್ತೆ. ಮತ್ತೆ ಆಫ್ ಮಾಡಿದ್ರೆ ಮತ್ತೆ ಏಳತ್ತೆ. ಈಗ ಬಿಚ್ಚದೆ ಬೇರೆ ದಾರಿ ಇಲ್ಲ.

ಭಾವ ವಿಡಿಯೋ ಕಾಲಿಗೆ ಬಂದ್ರು. ಮನೇಲಿದ್ದಿದ್ದು ಹೊಲಿಗೆ ಮಷಿನ್ನಿನ ಚಪ್ಪಟೆ ಸ್ಕ್ರೂಡ್ರೈವರ್ ಮಾತ್ರ, ಬೇಕಾಗಿದ್ದು ಪ್ಲಸ್ ತುದಿಯ ಸಣ್ಣದು. ಆ ಮಳೇಲಿ ಬೈಕ್ ತಗೊಂಡು ಪೇಟೆಯ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಒಂದು ಸೆಟ್ ತಂದ್ರು, ತಂಗಿ ಅಲ್ಲಿವರೆಗೂ ಆಫ್ ಮಾಡ್ತಾ ಕೂತಿದ್ಲು. ಹಿಂದಿನ ಸ್ಕ್ರೂ ಬಿಚ್ಚುವಾಗ ಒಂದು ಹಾಳೆ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಡಿ ಅಂದೆ, ಯಾಕಂದ್ರೆ ಉದ್ದ ಸ್ಕ್ರೂನ ಗಿಡ್ಡ ಜಾಗಕ್ಕೆ ಬಿಗಿದು ಮೇಲಿನ ಪ್ಲಾಸ್ಟಿಕ್ ತೂತಾಗಿರೋದನ್ನ, ಕೆಲವೊಮ್ಮೆ ಬೋರ್ಡಿಗೇ ಏಟಾಗಿರೋದನ್ನ ನೋಡಿದೀನಿ. ಎಲ್ಲಾ ಬಿಚ್ಚಿದ್ರೂ ಕವರ್ ಏಳ್ತಿಲ್ಲ ಅಂದ್ರೆ ರಬ್ಬರ್ ಪಾದದ ಕೆಳಗೆ ಒಂದೆರಡು ಅಡಗಿರತ್ತೆ. ಕವರಿನ ಸಂದಿಗೆ ಚಾಕು ಹಾಕ್ಬೇಡಿ, ಕೆಳಗೆ ಇರೋದು ಲಿಥಿಯಂ ಬ್ಯಾಟರಿ, ಚುಚ್ಚಿದ್ರೆ ಬೆಂಕಿ. ಹಳೇ ಎಟಿಎಂ ಕಾರ್ಡ್ ಸಾಕು. ಬ್ಯಾಟರಿಯ ಕನೆಕ್ಟರ್ ಕಿತ್ತಾಗ ಭಾವನಿಗಿಂತ ಜಾಸ್ತಿ ಉಸಿರು ಬಿಟ್ಟಿದ್ದು ನಾನು. ಬ್ಯಾಟರಿ ಕಿತ್ತ ಮೇಲೆ ಅವಸರ ಇಲ್ಲ, ಊಟ ಮಾಡಿ ಬನ್ನಿ ಅಂದೆ.

ಅಮ್ಮ ಆಗ ಅಲ್ಲೇ ಇದ್ಲು. ಹಿಂದಿನಿಂದ ಅವಳ ದನಿ, ಅಕ್ಕಿ ಡಬ್ಬದಲ್ಲಿ ಹುಗಿದಿಡಿ ಅಂತ ವಾಟ್ಸ್ಯಾಪಲ್ಲಿ ಬಂದಿತ್ತಲ್ಲ. ಬೇಡಮ್ಮ ಅಂದ್ರೆ, ಹಾಗಾದ್ರೆ ಬಚ್ಚಲ ಒಲೆ ಹತ್ರ ಇಡಿ, ಈ ಮಳೇಲಿ ಬಟ್ಟೆನೇ ಅಲ್ಲಿ ಒಣಗತ್ತೆ, ಇದೇನ್ ದೊಡ್ಡದು. ಅವಳ ತರ್ಕಕ್ಕೆ ನಾನು ಬೈಯ್ಯಲ್ಲ, ಮಲೆನಾಡಲ್ಲಿ ಮಳೆಗಾಲ ಕಳೆದೋರು ಒಣಗಿಸೋದ್ರಲ್ಲಿ ನಮಗಿಂತ ಪಳಗಿದೋರು. ಆದ್ರೆ ಒಲೆಯ ಶಾಖ ಬ್ಯಾಟರಿಗೆ ಆಗಲ್ಲ, ಸ್ಕ್ರೀನಿನ ಹಿಂದಿರೋ ತೆಳು ಹಾಳೆಗಳಿಗೂ ಆಗಲ್ಲ. ಹೇರ್‌ಡ್ರೈಯರ್‌ಗೂ ಇದೇ ಮಾತು, ಅದು ಶಾಖದ ಜೊತೆ ನೀರನ್ನ ಇನ್ನೂ ಒಳಗೆ ತಳ್ಳತ್ತೆ. ಅಕ್ಕಿ ವಿಷಯ ಅಂದ್ರೆ, 2024ರಲ್ಲಿ ಆಪಲ್ ಕಂಪನಿಯೇ ಒದ್ದೆ ಐಫೋನನ್ನ ಅಕ್ಕಿಲಿ ಇಡ್ಬೇಡಿ, ಅದರ ಪುಡಿ ಒಳಗೆ ಹೋಗಿ ಹಾಳು ಮಾಡಬಹುದು ಅಂತ ಬರೆದು ಹಾಕ್ತು. ಪುಡಿ ಇರಲಿ, ಅಕ್ಕಿ ನೀರು ಹೀರತ್ತೆ ಅಂತಾನೇ ಇಟ್ಕೊಳ್ಳಿ, ಬೆಲ್ಲವನ್ನ ಹೀರತ್ತಾ? ಹಾಲನ್ನ? ನೀರು ಹಾರಿಹೋದ ಮೇಲೂ ಉಪ್ಪು, ಸಕ್ಕರೆ, ಹಾಲಿನ ಜಿಡ್ಡು ಬೋರ್ಡ್ ಮೇಲೇ ಉಳಿಯತ್ತೆ, ಹವಾದಲ್ಲಿ ತೇವ ಇದ್ದಾಗ ಆ ಕೊಳೆ ಮತ್ತೆ ತೇವ ಎಳ್ಕೊಳತ್ತೆ, ಮತ್ತೆ ತಾಮ್ರ ತಿನ್ನೋಕೆ ಶುರು. "ನಾಲ್ಕು ದಿನ ಒಣಗಿಸಿದೆ, ಚೆನ್ನಾಗೇ ಓಡ್ತಿತ್ತು, ಆಮೇಲೊಂದಿನ ಇದ್ದಕ್ಕಿದ್ದಂಗೆ ಸತ್ತೋಯ್ತು" ಅಂತಾರಲ್ಲ, ಅದರ ಕಥೆ ಬಹುಪಾಲು ಇದೇ. ಒಣಗಿಸೋದು ಅರ್ಧ ಕೆಲಸವೂ ಅಲ್ಲ, ತೊಳೀಬೇಕು.

ನೀರು ಬಿದ್ದ ಬೋರ್ಡನ್ನ ತೊಳೀಬೇಕು ಅಂದ್ರೆ ಜನ ನನ್ನ ಮುಖ ನೋಡ್ತಾರೆ. ರಿಪೇರಿಯೋರು ಬಳಸೋದು 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್, ಅಂಗಡಿ ಭಾಷೇಲಿ ಐಪಿಎ. ಅದು ನೀರಿನ ಹಾಗೆ ಹನಿಯಾಗಿ ಕೂರಲ್ಲ, ಚಿಪ್ಪಿನ ಸಂದಿಗೆಲ್ಲ ಹರಡಿ ನುಗ್ಗತ್ತೆ, ಅಲ್ಲಿರೋ ನೀರನ್ನ ಸೇರಿಸ್ಕೊಂಡು ಬೇಗ ಆವಿಯಾಗತ್ತೆ, ಹಿಂದೆ ಕಲೆ ಬಿಡಲ್ಲ. ಆದ್ರೆ ಅದಕ್ಕೊಂದು ಐಬು, ಸಕ್ಕರೆ ಬೆಲ್ಲ ಅದ್ರಲ್ಲಿ ಸರಿಯಾಗಿ ಕರಗಲ್ಲ. ಹಾಗಾಗಿ ಸಿಹಿ ಚೆಲ್ಲಿದ್ರೆ ಮೊದ್ಲು ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ. ಡಿಸ್ಟಿಲ್ಡ್ ವಾಟರ್ ಎಲ್ಲಿ ಸಿಗತ್ತೆ ಅಂತ ಸಿಟಿಯೋರು ಕೇಳ್ತಾರೆ, ಸಾಗರದಲ್ಲಿ ಅದು ಪ್ರಶ್ನೆನೇ ಅಲ್ಲ, ಮಳೆಗಾಲದಲ್ಲಿ ಕರೆಂಟ್ ನಂಬ್ಕೊಂಡು ಕೂರೋ ಊರಾ ಅದು, ಮನೆಮನೇಲಿ ಇನ್ವರ್ಟರ್, ಅದರ ಬ್ಯಾಟರಿಗೆ ಹಾಕೋ ನೀರಿನ ಕ್ಯಾನ್ ಮೆಟ್ಟಿಲ ಕೆಳಗೆ ಇದ್ದೇ ಇತ್ತು. ಐಪಿಎ ಅದೇ ಮೊಬೈಲ್ ಅಂಗಡಿಯೋರು ಒಂದು ಸಣ್ಣ ಬಾಟ್ಲಿಲಿ ಹಾಕ್ಕೊಟ್ರು. ಮಾರನೇ ದಿನ ಭಾವ ಬೋರ್ಡ್ ಹೊರಗೆ ತೆಗೆದು, ಫ್ಯಾನು, ಹೀಟ್‌ಸಿಂಕ್, ಬಟನ್ ಸೆಲ್ ಎಲ್ಲಾ ಬಿಡಿಸಿಟ್ಟು, ಮೆತ್ತನೆ ಬ್ರಶ್ಶಲ್ಲಿ ಉಜ್ಜಿದ್ರು. ಅಡುಗೆಮನೆಯಿಂದ ದೂರ, ಜಗಲಿಲಿ, ಯಾಕಂದ್ರೆ ಐಪಿಎ ಹೊತ್ಕೊಳೋ ವಸ್ತು.

ಕೋವಿಡ್ ಆದ್ಮೇಲೆ ಇನ್ನೊಂದು ಹೊಸ ರೋಗ ಬಂದಿದೆ, ಸ್ಯಾನಿಟೈಸರ್ ಸುರಿಯೋದು. ಅದೂ ಆಲ್ಕೊಹಾಲ್ ತಾನೆ ಅಂತ. ಕೈಗೆ ಹಚ್ಚೋ ಸ್ಯಾನಿಟೈಸರಲ್ಲಿ ಮೂರ್ನಾಲ್ಕು ಭಾಗಕ್ಕೆ ಒಂದು ಭಾಗದಷ್ಟು ನೀರಿರತ್ತೆ, ಚರ್ಮ ಒಡೀಬಾರ್ದು ಅಂತ ಗ್ಲಿಸರಿನ್ ಇರತ್ತೆ, ಜೆಲ್ ಆದ್ರೆ ಇನ್ನೂ ಅಂಟು. ಕಷಾಯದ ಮೇಲೆ ಗ್ಲಿಸರಿನ್ ಪಾಲಿಶ್.

ಕೀಬೋರ್ಡ್ ಮಾತ್ರ ಉಳೀಲಿಲ್ಲ. ಅದರೊಳಗೆ ಮೂರು ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಮೇಲಿಂದ್ರಲ್ಲೂ ಕೆಳಗಿಂದ್ರಲ್ಲೂ ಗೆರೆಗಳು, ಮಧ್ಯದ್ದು ಎರಡೂ ಮುಟ್ಟದ ಹಾಗೆ ತಡೆಯೋದು. ಚಿರೋಟಿಗೆ ಬಾದಾಮಿ ಹಾಲು ಹಾಕಿದ್ರೆ ಪದರಪದರಕ್ಕೂ ಇಳಿಯತ್ತಲ್ಲ ಹಾಗೆ ಕಷಾಯ ಅದ್ರೊಳಗೆ ಇಳಿದುಬಿಡತ್ತೆ, ಬಿಡಿಸಿ ತೊಳೆಯೋಕೆ ಹಾಳೆಗಳು ಅಂಟಿರತ್ತೆ, ಬದಲಾಯಿಸೋಣ ಅಂದ್ರೆ ಎಷ್ಟೋ ಮಾಡೆಲಲ್ಲಿ ಕೀಬೋರ್ಡನ್ನ ಮೇಲಿನ ಕವರಿಗೆ ಹತ್ತಾರು ಪ್ಲಾಸ್ಟಿಕ್ ಗುಬುಟು ಕರಗಿಸಿ ಕೂರಿಸಿರ್ತಾರೆ. ಅದನ್ನ ಬೋರ್ಡಿಗೆ ಜೋಡಿಸೋ ರಿಬ್ಬನ್ ಕೇಬಲ್ಲನ್ನೇ ಕಿತ್ತು, ಪವರ್ ಬಟನ್ನಿಗೆ ಬೇರೆ ಉಪಾಯ ಮಾಡ್ಬೇಕಾಯ್ತು, ಬಯಾಸಲ್ಲಿ, ಅಂದ್ರೆ ವಿಂಡೋಸಿಗೂ ಮೊದ್ಲು ಏಳೋ ಒಳಗಿನ ಪ್ರೋಗ್ರಾಮಲ್ಲಿ, ಚಾರ್ಜರ್ ಹಾಕಿದ್ರೆ ತಾನಾಗೇ ಏಳೋ ಒಂದು ಸೆಟ್ಟಿಂಗ್ ಪುಣ್ಯಕ್ಕೆ ಆ ಮಾಡೆಲಲ್ಲಿ ಇತ್ತು. ಮುನ್ನೂರು ನಾನೂರು ರೂಪಾಯಿಯ ಯುಎಸ್‌ಬಿ ಕೀಬೋರ್ಡ್ ಹೊರಗಿಂದ.

ಇದು ಮನೇಲೇ ಬಗೆಹರಿದ ಕೇಸು. ಬಗೆಹರಿಯದ್ದಕ್ಕೆ ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇದೆ, ಸದರ್ ಪತ್ರಪ್ಪ ರಸ್ತೆ ಅಂತ ಬೋರ್ಡ್ ಹುಡುಕಿದ್ರೆ ಮಾತ್ರ ಕಾಣತ್ತೆ, ಟೌನ್‌ಹಾಲ್ ಕಡೆಯಿಂದ ನಡ್ಕೊಂಡು ಹೋಗ್ಬಹುದು. ಗೆಳೆಯನ ಮ್ಯಾಕ್‌ಬುಕ್ ಮೇಲೆ ಬಿಯರ್ ಬಿದ್ದಿತ್ತು. ಸರ್ವಿಸ್ ಸೆಂಟರಲ್ಲಿ ಒಳಗಿನ ಬಿಳಿ ಸ್ಟಿಕ್ಕರ್ ಕೆಂಪಾಗಿರೋದು ನೋಡಿ, ಲಿಕ್ವಿಡ್ ಡ್ಯಾಮೇಜು, ವಾರಂಟಿ ಇಲ್ಲ, ಲಾಜಿಕ್ ಬೋರ್ಡ್ ಬದಲಾಯಿಸ್ಬೇಕು, ಡೇಟಾ ಸಿಗಲ್ಲ ಅಂದ್ರಂತೆ, ಬೆಲೆ ಕೇಳಿದ್ರೆ ಹೊಸ ಲ್ಯಾಪ್‌ಟಾಪಿನ ಹತ್ರ ಹತ್ರ. ಆ ಕೌಂಟರಿನ ಹುಡುಗನ ಮೇಲೆ ನಂಗೇನೂ ಕೋಪ ಇಲ್ಲ, ಬೋರ್ಡ್ ಬದಲಾಯಿಸೋದು ಬಿಟ್ಟು ಬೋರ್ಡ್ ರಿಪೇರಿ ಮಾಡೋಕೆ ಅಲ್ಲಿ ಅವನಿಗೆ ಅವಕಾಶಾನೇ ಇಲ್ಲ. ಎಸ್‌ಪಿ ರೋಡಿನ ಮಹಡಿ ಮೇಲಿನ ಒಂದು ಕಿಷ್ಕಿಂಧೆಯಂಥ ರೂಮಲ್ಲಿ, "ಚಿಪ್ ಲೆವೆಲ್ ಸರ್ವಿಸ್" ಅಂತ ಬೋರ್ಡ್ ಹಾಕಿದ್ದ ಮನುಷ್ಯ ಮಾಡಿದ್ದು ನೋಡೋಕೇ ಚಂದ ಇತ್ತು. ಮೈಕ್ರೋಸ್ಕೋಪ್ ಕೆಳಗೆ ಬೋರ್ಡ್ ಇಟ್ಟು, ಮಲ್ಟಿಮೀಟರಲ್ಲಿ ಯಾವ ಲೈನು ಗ್ರೌಂಡಿಗೆ, ಅಂದ್ರೆ ಸೊನ್ನೆ ವೋಲ್ಟಿನ ಲೈನಿಗೆ, ಶಾರ್ಟ್ ಆಗಿದೆ ಅಂತ ಹುಡುಕಿ, ಆ ಲೈನಿಗೆ ಹೊರಗಿಂದ ಒಂದೇ ವೋಲ್ಟಿನಷ್ಟು ಕೊಟ್ಟು, ಮೇಲೆ ಐಪಿಎ ಹಚ್ಚಿದ್ರು. ಬೋರ್ಡೆಲ್ಲಾ ಒದ್ದೆ ಇರೋವಾಗ ಒಂದೇ ಒಂದು ಕಡೆ ಮಾತ್ರ ಟಕ್ಕಂತ ಒಣಗ್ತು. "ಇವ್ನೇ ಸಾರ್ ಕಳ್ಳ." ಸಾಸಿವೆ ಗಾತ್ರದ ಕೆಪಾಸಿಟರ್. ಕೆಟ್ಟಿರೋದು ಕಾದಿದೆ, ಕಾದಿದ್ದಕ್ಕೆ ಆಲ್ಕೊಹಾಲ್ ಹಾರಿದೆ. ಹಾಟ್ ಏರಲ್ಲಿ ಅದನ್ನ ಎತ್ತಿ, ಸತ್ತ ಬೋರ್ಡಿಂದ ಇನ್ನೊಂದು ಕಿತ್ತು ಕೂರಿಸಿದ್ರು.

ಆಮೇಲೆ ಅವರು ಗೆಳೆಯನಿಗೆ ಹೇಳಿದ್ದು, ಡಿಸ್‌ಪ್ಲೇ ಕನೆಕ್ಟರಿಗೆ ಬಿದ್ದಿಲ್ಲ ನಿಮ್ಮ ಅದೃಷ್ಟ ಅಂತ. ಸ್ಕ್ರೀನಿನ ಬ್ಯಾಕ್‌ಲೈಟಿಗೆ ಹೋಗೋ ಲೈನಲ್ಲಿ ಆ ಥರ ಲ್ಯಾಪ್‌ಟಾಪಲ್ಲಿ 50 ವೋಲ್ಟ್ ಹತ್ರ ಇರತ್ತೆ, ಅದೇ ಕನೆಕ್ಟರಿನಲ್ಲಿ ಸ್ವಲ್ಪ ಪಕ್ಕಕ್ಕೆ ಪ್ರೊಸೆಸರಿಂದ ಬರೋ ಚಿತ್ರದ ಲೈನು, ಪ್ರೊಸೆಸರ್ ಓಡೋದೇ ಒಂದು ವೋಲ್ಟ್ ಆಸುಪಾಸಲ್ಲಿ. ಒಂದು ಹನಿ ಎರಡನ್ನೂ ಸೇರಿಸಿದ್ರೆ ಯಾವ ಎಸ್‌ಪಿ ರೋಡಿಗೆ ಹೋದ್ರೂ ಪ್ರಯೋಜನ ಇಲ್ಲ.

ಇಂಥೋರು ಕೆಲಸ ಮಾಡೋದು ಎಲ್ಲೋ ಸೋರಿ ಬಂದ ಸರ್ಕ್ಯೂಟ್ ನಕ್ಷೆ ಇಟ್ಕೊಂಡು, ಕಂಪನಿಗಳು ಕೊಡಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ತೆರೀತು, ಒಳ್ಳೇದೇ, ಆದ್ರೆ ಪೋರ್ಟಲ್ಲಿಂದ ಬ್ಯಾಟರಿ ಲ್ಯಾಚ್ ವಾಪಸ್ ಬರಲ್ಲ. ನೀರು ಬಿದ್ರೂ ತಡ್ಕೊಳೋ ಹಾಗೆ ಮಾಡಕ್ಕಾಗಲ್ಲ ಅಂತೇನಿಲ್ಲ. ಲೆನೊವೊದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್ ಮೇಲೆ ಬಿದ್ದ ನೀರು ಕಾಲುವೆ ಹಿಡಿದು ಕೆಳಗಿನ ತೂತಿಂದ ಮೇಜಿನ ಮೇಲೆ ಇಳಿಯೋ ಹಾಗೆ ಎಷ್ಟೋ ವರ್ಷದಿಂದ ಮಾಡ್ಕೊಂಡು ಬಂದಿದಾರೆ. ಅದೊಂದನ್ನ ಮಾತ್ರ ಕವುಚಬಾರದು, ಮಟ್ಟಸವಾಗಿಟ್ಟು ನೀರು ಕೆಳಗೆ ಇಳಿಯೋಕೆ ಬಿಡಬೇಕು.

ಇನ್ನು ಡೇಟಾ. ಮಷಿನ್ ಉಳಿಸೋದು ಬೇರೆ, ಒಳಗಿರೋದನ್ನ ಉಳಿಸೋದು ಬೇರೆ, ಯಾವುದು ಮುಖ್ಯ ಅಂತ ಮೊದಲೇ ತೀರ್ಮಾನ ಮಾಡ್ಕೊಂಡ್ರೆ ಅರ್ಧ ಗಾಬರಿ ಇಳಿಯತ್ತೆ. ತಂಗಿಗೆ ಬೇಕಾಗಿದ್ದು ನುಡಿಯಲ್ಲಿ ಟೈಪ್ ಮಾಡಿದ್ದ ವರ್ಷಗಟ್ಟಲೆ ಪ್ರಶ್ನೆಪತ್ರಿಕೆ ಮತ್ತೆ ಆ ಅಂಕಪಟ್ಟಿ. ಹೊಸ ಮ್ಯಾಕ್‌ಗಳಲ್ಲಾದ್ರೆ ಸ್ಟೋರೇಜ್ ಬಹುಪಾಲು ಬೋರ್ಡಿಗೇ ಬೆಸೆದಿರತ್ತೆ, ಅದರ ಬೀಗದ ಕೈ ಅದೇ ಬೋರ್ಡಿನ ಚಿಪ್ಪೊಳಗೆ ಇರತ್ತೆ, ಬೋರ್ಡ್ ಬದುಕಿದ್ರೆ ಡೇಟಾ. ತಂಗೀದು ಸಾಧಾರಣ ವಿಂಡೋಸ್ ಲ್ಯಾಪ್‌ಟಾಪು, 22 ಮಿಲಿಮೀಟರ್ ಅಗಲ 80 ಮಿಲಿಮೀಟರ್ ಉದ್ದದ ಎಸ್‌ಎಸ್‌ಡಿ, ಅಂದ್ರೆ ಫೈಲೆಲ್ಲಾ ಇರೋ ಡ್ರೈವ್, ಒಂದೇ ಸ್ಕ್ರೂ. ಬೋರ್ಡ್ ಜಗಲಿಲಿ ಫ್ಯಾನ್ ಗಾಳಿಗೆ ಒಣಗ್ತಾ ಇರೋವಾಗ್ಲೇ ಅದನ್ನ ಒಂದು ಯುಎಸ್‌ಬಿ ಕೇಸಿಗೆ ಹಾಕಿ ಭಾವನ ಲ್ಯಾಪ್‌ಟಾಪಿಗೆ ಚುಚ್ಚಿದ್ರು. ಡ್ರೈವ್ ಕಾಣ್ತು. ಪಕ್ಕದಲ್ಲಿ ಬೀಗದ ಚಿತ್ರಾನೂ ಕಾಣ್ತು, 48 ಅಂಕಿಯ ರಿಕವರಿ ಕೀ ಕೊಡಿ ಅಂತು.

ತಂಗಿ ಆ ಥರ ಬೀಗ ಯಾವತ್ತೂ ಹಾಕಿಲ್ಲ. ವಿಂಡೋಸ್ ಈಗ ಎಷ್ಟೋ ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆದ್ರೆ ತಾನೇ ಹಾಕ್ಕೊಳತ್ತೆ, ಕೀನ ಆ ಅಕೌಂಟಲ್ಲೇ ಇಟ್ಕೊಳತ್ತೆ. ಕಳ್ಳರಿಂದ ಕಾಪಾಡೋಕೆ ಒಳ್ಳೇದು, ಕಷಾಯದ ದಿನ ಮಾತ್ರ ಫಜೀತಿ. ಯಾವ ಅಕೌಂಟು ಅಂತ ಕೇಳಿದ್ರೆ ತಂಗಿಗೆ ಗೊತ್ತಿಲ್ಲ, ಲ್ಯಾಪ್‌ಟಾಪ್ ತಗೊಂಡಾಗ ಅಂಗಡಿ ಹುಡುಗನೇ "ನಾನೇ ಎಲ್ಲಾ ಮಾಡ್ಕೊಡ್ತೀನಿ ಮೇಡಂ" ಅಂತ ಒಂದು ಐಡಿ ಸೃಷ್ಟಿಸಿ ಬಿಲ್ಲಿನ ಹಿಂದೆ ಪೆನ್ನಲ್ಲಿ ಬರೆದಿದ್ನಂತೆ. ಬಿಲ್ಲು ಬೀರುವಲ್ಲಿ ಸಿಕ್ತು. ಪಾಸ್‌ವರ್ಡ್ ಅವಳ ಹೆಸರು, ಮುಂದೆ 123. ಲಾಗಿನ್ ಮಾಡಕ್ಕೆ ಹೋದ್ರೆ ಓಟಿಪಿ ಕೇಳ್ತು, ಓಟಿಪಿ ಹೋಗಿದ್ದು ಆ ಹುಡುಗನ ನಂಬರಿಗೆ. ಅವನು ಅಂಗಡಿ ಬಿಟ್ಟು ಹುಬ್ಬಳ್ಳಿಲಿದ್ದ. ಮಾಲೀಕರ ಹತ್ರ ನಂಬರ್ ಇಸ್ಕೊಂಡು ಭಾವ ಫೋನ್ ಮಾಡಿದ್ರೆ, ಮದುವೆ ಮನೇಲಿದೀನಿ ಸಾರ್, ವಾದ್ಯದ ಸದ್ದಲ್ಲಿ ಏನೂ ಕೇಳಲ್ಲ, ಮೆಸೇಜ್ ಹಾಕ್ತೀನಿ ಅಂದ. ಮೊದಲನೇ ಓಟಿಪಿ ಅವಧಿ ಮುಗಿದು ಹೋಯ್ತು. ಎರಡನೇದು ಹಾಕ್ದ. ಅಕೌಂಟ್ ತೆರೀತು, ಕೀ ಸಿಕ್ತು, ತಂಗಿ ಒಂದೊಂದೇ ಅಂಕಿ ಓದಿ ಹೇಳ್ತಾ ಹೋದ್ಲು, ಭಾವ ಒತ್ತುತಾ ಹೋದ್ರು. ಫೋಲ್ಡರ್ ತೆರೆದ ಕೂಡ್ಲೇ ಅವಳು ಮಾಡಿದ ಮೊದಲ ಕೆಲಸ ಆ ಅಕೌಂಟಿನ ಫೋನ್ ನಂಬರ್ ಬದಲಾಯಿಸಿದ್ದು, ಹುಡುಗನಿಗೆ ಹೇಳದೇನೇ.